ಒಬ್ಬನೇ ಕೊಟ್ರೇಶ ಉಳಿದ ಪಟ್ಟಿ

'ನೀಟು' ಅನ್ನೋ ಮಾತು ಕೇಳಿದರೆ ನನಗೆ ಈಗಲೂ ಓಕರಿಕೆ ಬರುತ್ತದೆ. ನಮ್ಮ ರೈತರ ಸಂಘಕ್ಕೆ ಭೀಮರಾಜ ಸೆಕ್ರೆಟರಿಯಾಗಿ ಬಂದಾಗಿನಿಂದ ಆತನ ಬಾಯಲ್ಲಿ ಅದೊಂದೇ ಜಪ. ಗೋಡೆ ನೀಟಿರಬೇಕು, ಮೇಜು ನೀಟಿರಬೇಕು. ತಾನು ಮಾತ್ರ ಗುಟ್ಕಾ ಜಗಿದು ಕಿಟಕಿಯಿಂದ ಉಗುಳೋದು, ಅದೂ ನನ್ನ ಟ್ರ್ಯಾಕ್ಟರ್ ಗಾಲಿ ಮೇಲೆ. ಹೇಸಿಗೆ!

ಈ ನೀಟುಗಾರನ ಕೈಗೆ ಸಿಕ್ಕವಳು ಮರುಳಸಿದ್ದಮ್ಮ. ಮೆಕ್ಕೆಜೋಳದ ತೆನೆ ಬಿಡಿಸಿ ರಾಶಿ ಮಾಡೋ ಮಷೀನು ಸಂಘದ್ದು, ಓಡಿಸೋನು ನಾನು, ಯಾವತ್ತು ಯಾರ ಕಣಕ್ಕೆ ಹೋಗಬೇಕು ಅಂತ ಪಾಳಿ ಹಚ್ಚೋಳು ಆಕೆ. ಜನ ಕಿಟಕಿಗೆ ಬಂದು ಕೂಗಿದರೆ ಆಕೆ ಹಲಗೆ ಮೇಲೆ ಚಾಕ್‌ಪೀಸಿನಲ್ಲಿ ಬರೆಯುತ್ತಿದ್ದಳು. ನಮ್ಮದು ಕೊಟ್ಟೂರು ಸೀಮೆ. ಕೊಟ್ಟೂರ ಸ್ವಾಮಿಗೆ ನಡಕೊಳ್ಳೋ ಮನೆಗಳೇ ಎಲ್ಲ, ಗಂಡು ಹುಟ್ಟಿದರೆ ಸ್ವಾಮಿ ಹೆಸರೇ, ಕೊಟ್ರೇಶ. ಒಂದು ಓಣಿಯಲ್ಲಿ ನಿಂತು ಕೊಟ್ರೇಶಾ ಅಂದರೆ ಐದಾರು ಬಾಗಿಲಲ್ಲಿ ಓ ಅಂತಾರೆ. ಅದಕ್ಕೇ ಆಕೆ ಗಿರಣಿ ಕೊಟ್ರೇಶ, ಬಾವಿಕಟ್ಟಿ ಕೊಟ್ರೇಶ, ಸಿಂಬಳ ಕೊಟ್ರೇಶ ಅಂತ ಅಡ್ಡಹೆಸರು ಹಚ್ಚಿಯೇ ಬರೆಯುತ್ತಿದ್ದಳು. ಯಾರಿಗೂ ತಕರಾರಿರಲಿಲ್ಲ, ಸಿಂಬಳದವನೊಬ್ಬನನ್ನು ಬಿಟ್ಟು.

"ಚಾಕ್‌ಪೀಸು ಸಾಕಮ್ಮ," ಅಂದ ಭೀಮರಾಜ. "ಈ ಸುಗ್ಗಿಗೆ ಪಾಳಿ ಕಂಪ್ಯೂಟರ್‌ನಾಗ ಬರಬೇಕು. ಬರಲಿಲ್ಲಂದ್ರ ಕೂಡ್ಲಿಗಿ ಹುಡುಗಿ ಒಬ್ಬಾಕಿ ಈ ಕುರ್ಚಿಗೆ ಕಾಯಾಕತ್ಯಾಳ."

ಆ ಕುರ್ಚಿ ಹೋದರೆ ಮರುಳಸಿದ್ದಮ್ಮನಿಗೆ ಮತ್ತೆ ಕಳೆ ತೆಗೆಯೋ ಕೂಲಿಯೇ ಗತಿ. ಮೊಣಕಾಲು ಮಡಚಲಾರದ ಹೆಂಗಸು, ಸಾಲಿನಲ್ಲಿ ಕುಕ್ಕರಗಾಲಲ್ಲಿ ಹೆಂಗೆ ಕೂತಾಳು? ಕೊಟ್ಟೂರಿನ ಬೇಕರಿಯೊಂದರ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು.

ಒಂದು ದಿನ ಬೇರಿಂಗ್ ತರೋಕೆ ಹೋದವನು ಆಕೆಯನ್ನು ಕರಕೊಂಡು ಬರೋಣ ಅಂತ ಮೇಲೆ ಹತ್ತಿದೆ. ಸುಟ್ಟ ಡಾಲ್ಡಾದ ನಾತ, ಕೀಬೋರ್ಡಿನ ತುಂಬ ಯಾರ್ಯಾರದೋ ಕೈಜಿಡ್ಡು. ಕಲಿಸೋ ಸೋಮಶೇಖರ್ ಸರ್ ಮೊಬೈಲಿನಿಂದ ಕಣ್ಣೆತ್ತದೇ ಹೇಳುತ್ತಿದ್ದ: "ಒಂದ ಹೆಸರು ಎರಡು ಸಲ ಬಂತಂದ್ರ ಅದು ಕಸ. ಡೇಟಾ ಒತ್ತು, ರಿಮೂವ್ ಡೂಪ್ಲಿಕೇಟ್ಸ್ ಒತ್ತು. ಕಸ ಹೋತು."

ಬರುವಾಗ ಆಕೆ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಒಂದೇ ಸಮನೆ ಮಾತು. "ಹೊನ್ನೂರಣ್ಣ, ಅದರಾಗ ಎಲ್ಲಾ ಮನಿ ಮನಿ ಇರ್ತಾವ. ಒಂದು ಮನಿಗೆ ಒಂದ ಹೆಸರು. ಎಂಟರ್ ಒತ್ತಿದ್ರ ಕೆಳಗಿನ ಮನಿಗಿ ತಾನ ಇಳೀತೈತಿ. ನನ್ನ ಸೊಸಿಗಿಂತ ಚಲೋ ಮಾತು ಕೇಳತೈತಿ ನೋಡು!"

"ಇನ್ನ ನೀನು ನಮ್ಮನ್ನ ಮಾತಾಡ್ಸಂಗಿಲ್ಲ ಬಿಡಬೇ," ಅಂದೆ.

ಸುಗ್ಗಿ ಬಂತು. ಜನ ಬಂದು ಕೂಗಿದಂತೆ ಆಕೆ ಕಂಪ್ಯೂಟರಿಗೇ ಹೆಸರು ಹೊಡೆದಳು. ಅಡ್ಡಹೆಸರು ಆಫೀಸಿಗೆ ನೀಟಲ್ಲ ಅಂತ ಭೀಮರಾಜ ತೆಗೆಸಿದ. ಉಳಿದದ್ದು ಬರೀ ಕೊಟ್ರೇಶ, ಮತ್ತೆ ಕೊಟ್ರೇಶ, ಕೆಳಗೆ ಇನ್ನೊಬ್ಬ ಕೊಟ್ರೇಶ. ಅದನ್ನು ನೋಡಿ, ತಪ್ಪಿ ಒಂದೇ ಹೆಸರು ಮತ್ತೆ ಮತ್ತೆ ಹೊಡೆದೆನೇನೋ ಅನ್ನಿಸಿ, ಆಕೆಗೆ ಕ್ಲಾಸಿನ ಪಾಠ ನೆನಪಾಯಿತು. ಸರ್ ಹೇಳಿದ ಗುಂಡಿ ಒತ್ತಿದಳು, ಸೇವ್ ಮಾಡಿದಳು, ಬಂದ್ ಮಾಡಿದಳು. ಪಟ್ಟಿ ಒಂದೇ ಹಾಳೆಗೆ ಹಿಡಿಯಿತು.

"ನೋಡು, ಎಷ್ಟು ನೀಟು!" ಅಂದನಂತೆ ಭೀಮರಾಜ.

ಆ ಹಾಳೆ ಹಿಡಿದು ನಾನು, ಕೊಟ್ರೇಶ ಅಂದರೆ ಎಲ್ಲರಿಗಿಂತ ಮೊದಲು ಕೂಗಿದ್ದ ಗಿರಣಿ ಕೊಟ್ರೇಶನೇ ಅಂದುಕೊಂಡು, ಅವನ ರಾಶಿ ಮುಗಿಸಿ ಓಣಿ ತಿರುಗಿದೆ. ಅಡ್ಡಕ್ಕೆ ಬಾವಿಕಟ್ಟಿಯವನು ನಿಂತಿದ್ದ, ಅವನ ಹಿಂದೆ ಉಳಿದ ಕೊಟ್ರೇಶಂದಿರ ದಂಡು. ಆಕಾಶದಲ್ಲಿ ಮೋಡ, ಎಲ್ಲರ ತೆನೆಯೂ ಕಣದಲ್ಲಿ ಬಯಲಿಗೆ ಬಿದ್ದಿತ್ತು.

"ಲೇ ಹೊನ್ನೂರ, ನನ್ನ ಪಾಳಿ ದಾಟಿ ಎಲ್ಲಿಗೆ ಹೊಂಟಿ?"

"ಹಾಳ್ಯಾಗ ಕೊಟ್ರೇಶ ಒಬ್ಬನ ಅದಾನ. ಆತಂದು ಮುಗೀತು!"

"ಹಂಗಾರ ನಾವು ಸತ್ತೀವೇನಲೇ?"

ನನ್ನ ಸಿಟ್ಟು ಊರಿಗೇ ಗೊತ್ತು. ಬಾಯಿಗೆ ಬಂದದ್ದೆಲ್ಲ ಬೈಯುತ್ತಾ ಮಷೀನನ್ನು ಸಂಘದ ಬಾಗಿಲಿಗೇ ತಂದು ನಿಲ್ಲಿಸಿದೆ. ಹಿಂದೆ ಕೊಟ್ರೇಶಂದಿರ ಮೆರವಣಿಗೆ.

ಹಾಳೆ ನೀಟಾಗಿದೆ ಅಂತ ಹಿಗ್ಗಿದ್ದ ಬಾಯಿ ತಿರುಗೋಕೆ ಒಂದು ಕ್ಷಣ ಸಾಕಾಯಿತು. "ಎಲ್ಲಾ ಈಕೀದ ತಪ್ಪು," ಅಂದ ಭೀಮರಾಜ. "ನಾಳಿಂದ ಬರಬ್ಯಾಡಮ್ಮ ನೀನು." ಥೂ, ಇವನೂ ಒಂದು ಮನುಷ್ಯನಾ ಅನ್ನಿಸಿತು.

ಮರುಳಸಿದ್ದಮ್ಮ ಅಳಲಿಲ್ಲ. "ಒತ್ತಿದಾಕಿ ನಾನ, ಸರ್. ಅಡ್ಡಹೆಸರು ತೆಗಿ ಅಂದೋರು ನೀವು. ಮಳಿ ನಮ್ಮಿಬ್ಬರ ಜಗಳ ಮುಗಿಯೋಮಟ ಕಾಯಂಗಿಲ್ಲ. ಮೊದಲು ಪಾಳಿ ಕೊಡ್ತೀನಿ, ಆಮ್ಯಾಲ ನಾಳಿನ ಮಾತು." ಕಿಟಕಿ ತೆಗೆದು ಮತ್ತೆ ಕಂಪ್ಯೂಟರ್ ಮುಂದೆ ಕೂತಳು. ಹೆಸರಿನ ಪಕ್ಕ ಇನ್ನೊಂದು ಕಾಲಂ ಮಾಡಿದಳು.

"ಅಪ್ಪನ ಹೆಸರು ಹಾಕು, ನೀಟಿರತೈತಿ," ಅಂತ ಭೀಮರಾಜ ಮೂಗು ತೂರಿಸಿದ.

"ನಿಮ್ಮಪ್ಪನ ಹೆಸರು?" ಅಂತ ಕಿಟಕಿಯಾಚೆ ಮೊದಲು ನಿಂತವನನ್ನು ಕೇಳಿದಳು.

"ಕೊಟ್ರಪ್ಪ," ಅಂದ ಬಾವಿಕಟ್ಟಿಯವನು.

"ನಿಮ್ಮಪ್ಪಂದು?"

"ನಮ್ಮಪ್ಪಂದೂ ಕೊಟ್ರಪ್ಪನ," ಅಂದ ಹಿಂದಿನವನು. ಸಿಟ್ಟಿನಲ್ಲಿದ್ದ ಜನ ಹೋ ಅಂತ ನಕ್ಕರು. ಭೀಮರಾಜ ನಗಲಿಲ್ಲ, ಕಿಟಕಿಯಿಂದ ಉಗುಳಲೂ ಇಲ್ಲ. ಅಲ್ಲಿ ನಾನು ನಿಂತಿದ್ದೆ.

"ಹಂಗಾರ ನಿಮ್ಮ ನಿಮ್ಮ ಗುರುತು ನೀವ ಹೇಳ್ರಿ. ಹೇಳಿದ್ದ ಹೊಡೀತೀನಿ," ಅಂದಳು ಮರುಳಸಿದ್ದಮ್ಮ. ಒಬ್ಬ ಬಾವಿಕಟ್ಟಿ ಅಂದ, ಒಬ್ಬ ಬೇವಿನಮರ ಅಂದ. ಸಿಂಬಳದವನು ಮುಂದೆ ಬಂದು ಮೂಗು ಒರೆಸಿಕೊಂಡ. "ಚಿಕ್ಕವ್ವ, ನಂದು ಬುಲೆಟ್ ಕೊಟ್ರೇಶ ಅಂತ ಹಾಕು."

"ನಿನಗ ಸೈಕಲ್ಲೂ ಇಲ್ಲಲ್ಲೋ!"

"ಹಾಕಬೇ, ಮುಂದ ತಗಂತೀನಿ."

ಹಾಕಿದಳು. ಸಂಜೆಯೊಳಗೆ ಬಾವಿಕಟ್ಟಿಯವನ ರಾಶಿ ಆಯಿತು, ಉಳಿದವರು ತಾಡಪಾಲು ಹೊದಿಸಿಕೊಂಡರು, ಪಾಳಿ ಕಾಯುತ್ತಿದ್ದ ಬೇವಿನಮರದವನದು ಮಳೆಗೆ ನೆನೆಯಿತು. ಆತ ಇವತ್ತಿಗೂ ಆಕೆಯ ಜೊತೆ ಮಾತಾಡೋದಿಲ್ಲ. ಆಕೆ ಅವನ ಮನೆ ಮುಂದೆ ಹಾಯುವಾಗ ತಲೆ ತಗ್ಗಿಸುತ್ತಾಳೆ.

ಮರುದಿನ ಹಾಳೆ ಇಸಕೊಳ್ಳೋಕೆ ಹೋದಾಗ ಆಕೆ ಅದೇ ಕುರ್ಚಿಯಲ್ಲಿದ್ದಳು. ಭೀಮರಾಜ ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ಯಾವ ಕೊಟ್ರೇಶ ಯಾವ ಓಣಿಯವನು ಅಂತ ಆತನಿಗೆ ಇನ್ನೂ ತಿಳಿದಿರಲಿಲ್ಲ. ಪಟ್ಟಿ ಎರಡು ಹಾಳೆಗೆ ಬಂದಿತ್ತು, ಒಂದಿಷ್ಟೂ ನೀಟಿರಲಿಲ್ಲ. ಮಡಚಿ ಜೇಬಿಗಿಟ್ಟುಕೊಂಡು ಬುಲೆಟ್ ಕೊಟ್ರೇಶನ ಕಣಕ್ಕೆ ಹೊರಟೆ.