ಹೊನ್ನಾವರ ಸರ್ಕಲ್ಲಿನ ಕೆಂಪು ದೀಪ

ನಂಬಿಕೆ ಬಾರದವರು ಇಲ್ಲೇ ಓದು ನಿಲ್ಲಿಸಿಬಿಡಿ, ನನಗೇನೂ ಬೇಜಾರಿಲ್ಲ. ಭಟ್ಕಳ, ಕುಮಟಾ ನಡುವೆ ಹದಿನಾಲ್ಕು ವರ್ಷ ಅಂಬುಲೆನ್ಸ್ ಓಡಿಸಿದವನು ನಾನು. ಕತೆ ಕಟ್ಟುವ ಚಟ ನನಗಿಲ್ಲ. ಇದು ನನ್ನ ಕೈಯಲ್ಲಿ ಸ್ಟೇರಿಂಗ್ ಇದ್ದಾಗಲೇ ನಡೆದದ್ದು.

ಹೊನ್ನಾವರದ ಸರ್ಕಲ್ಲಿಗೆ ಹೊಸ ಸಿಗ್ನಲ್ ಬಂದಿತ್ತು. ಅಂಬುಲೆನ್ಸಿನಲ್ಲಿ ಅದಕ್ಕೊಂದು ಪುಟ್ಟ ಪೆಟ್ಟಿಗೆ. ನಾವು ಹತ್ತಿರ ಬಂದರೆ ನಮಗೆ ತಾನಾಗಿಯೇ ಹಸಿರು, ಉಳಿದವರಿಗೆ ಕೆಂಪು. ಯಾವ ಗಾಡಿಗೆ ದಾರಿ ಸಿಕ್ಕಿದೆಯೋ ಅದರ ನಂಬರ್ ಪೆಟ್ಟಿಗೆಯ ಪರದೆಯ ಮೇಲೆ ಬರುತ್ತದೆ.

ಕಾಯ್ಕಿಣಿ ಕಡೆಯ ಒಬ್ಬ ಸಾವ್ಕಾರ ಯಾರ್‍ಯಾರನ್ನೋ ಹಿಡಿದು ತನ್ನ ಕಾರಿಗೂ ಅಂಥದ್ದೇ ಪೆಟ್ಟಿಗೆ ಹಾಕಿಸಿಕೊಂಡಿದ್ದ. ಒಂದು ದಿನ ಅವನಿಗೆ ಎಂಥ ಅರ್ಜೆಂಟು ಗೊತ್ತೇ? ಮದುವೆ ಊಟ! ಅದೇ ಹೊತ್ತಿಗೆ ಹಳದೀಪುರದಿಂದ ನಾನು ಬಂದೆ. ಹಿಂದೆ ಮಲಗಿದ್ದವಳು ನನ್ನ ಸ್ವಂತ ಅಕ್ಕ ಸಾವಿತ್ರಿ. ಹೆರಿಗೆಯಾಗಿ ರಕ್ತ ನಿಂತಿರಲಿಲ್ಲ. ನಮಗೆ ಕೆಂಪು ಬಿತ್ತು. ಪರದೆಯಲ್ಲಿ ಅವನ ಕಾರಿನ ನಂಬರ್. ಅವನ ಬೆನ್ನಿಗೇ ಬಸ್ಸು, ಲಾರಿ ನುಗ್ಗಿ ಸರ್ಕಲ್ ಪೂರ್ತಿ ಜಾಮ್. ಅಕ್ಕ ಅಲ್ಲೇ ಹೋದಳು. ಆ ಪಾಪಿಗೂ ಇದೇ ಜಾಗದಲ್ಲಿ ಇದೇ ಗತಿ ಬರಲಿ ಎಂದು ಮಣ್ಣು ಮುಟ್ಟಿ ಶಾಪ ಹಾಕಿದೆ.

ಐದು ತಿಂಗಳು ಕಳೆದು ಒಂದು ರಾತ್ರಿ ಒಂಬತ್ತಕ್ಕೆ ಕರೆ ಬಂತು. ಎದೆನೋವು, ಕಾಯ್ಕಿಣಿ. ಮನೆ ಮುಂದೆ ನಿಂತಾಗ ಗೊತ್ತಾಯಿತು... ಅವನೇ! ಬಿಟ್ಟು ಬರಲಿಕ್ಕಾಗುತ್ತದೆಯೇ? ಹತ್ತಿಸಿಕೊಂಡು ಕುಮಟಾದ ಆಸ್ಪತ್ರೆಗೆ ಹೊರಟೆ.

ಸರ್ಕಲ್ ಭಣಗುಡುತ್ತಿತ್ತು. ಪೆಟ್ಟಿಗೆ ಆನ್ ಇತ್ತು, ದೇವರಾಣೆ. ಆದರೂ ಕೆಂಪು. ನುಗ್ಗೋಣವೆಂದರೆ ಬಲಗಡೆಯ ರಸ್ತೆಯಿಂದ ಸೈರನ್... ಹತ್ತಿರ... ಇನ್ನೂ ಹತ್ತಿರ...

"ಎಂತಕ್ಕೆ ನಿಲ್ಸಿದ್ರಿ ಮಂಜಣ್ಣ?" ಹಿಂದಿನಿಂದ ನರ್ಸ್ ನಾಗವೇಣಿ ಕೂಗಿದಳು.

"ಅಡ್ಡದಿಂದ ಇನ್ನೊಂದು ಅಂಬುಲೆನ್ಸ್ ಬತ್ತಾ ಅದೆ, ತಡಿ ಮಾರಾಯ್ತಿ!"

"ನಂಗೆ ಎಂತದೂ ಕೇಳ್ತಿಲ್ಲ..."

ಪರದೆ ನೋಡಿದೆ. ಅಕ್ಕ ಸತ್ತ ಆ ಹಳೆಯ ಗಾಡಿಯ ನಂಬರ್! ಅದು ಗುಜರಿಗೆ ಹೋಗಿ ಎರಡು ತಿಂಗಳಾಗಿತ್ತು. ಕ್ಯಾಬಿನ್ ತುಂಬ ಹಸಿ ರಕ್ತದ ವಾಸನೆ, ಅದರ ಜೊತೆಗೆ ಅಕ್ಕ ಮುಡಿಯುತ್ತಿದ್ದ ಸುರಗಿ ಹೂವಿನ ವಾಸನೆ...

ಹಿಂದೆ ಸಾವ್ಕಾರ ಮಾಸ್ಕ್ ಕಿತ್ತು ನರಳಿದ. "ಆ ಹೆಂಗ್ಸಿಗೆ ದಾರಿ ಬಿಡ್ರಾ... ಮೊದ್ಲು ಅದಕ್ಕೆ ಬಿಡ್ರಾ..."

ಅದೇ ಅವನ ಕೊನೆಯ ಮಾತು. ಸೈರನ್ ತಟ್ಟನೆ ನಿಂತಿತು. ಯಾವ ಗಾಡಿಯೂ ದಾಟಲಿಲ್ಲ.

ವಿಚಾರಣೆಯ ದಿನ ಸಿಗ್ನಲ್ಲಿನ ಕ್ಯಾಮರಾ ತೋರಿಸಿದರು. ಖಾಲಿ ಸರ್ಕಲ್, ಅಂಚಿನಲ್ಲಿ ನಿಂತ ನನ್ನ ಗಾಡಿ... ಎದುರಿಗೆ ಅಷ್ಟೂ ಹೊತ್ತು ಹಸಿರು ದೀಪ!

"ಕಣ್ಣು ಕಾಣೂದಿಲ್ವ ನಿಂಗೆ?" ಎಂದರು. ಕೆಲಸ ಹೋಯಿತು.

ನಾನು ನೋಡಿದ್ದು ಕೆಂಪೇ. ಅವನು ಸತ್ತದ್ದಕ್ಕೆ ಇವತ್ತಿಗೂ ನನಗೆ ಚೂರೂ ದುಃಖವಿಲ್ಲ. ರಾತ್ರಿ ನಿದ್ದೆ ಬಾರದಿರುವುದು ಅದಕ್ಕೇ... ಅವತ್ತು ನನ್ನ ಕಾಲನ್ನು ಬ್ರೇಕಿನ ಮೇಲೆ ಒತ್ತಿ ಹಿಡಿದದ್ದು ಅಕ್ಕನೋ, ಇಲ್ಲಾ ನಾನೋ?