ಹಿಂಗಿನ ಡಬ್ಬದಲ್ಲಿಟ್ಟ ಚೆಕ್ಕು

ಬೆಳಿಗ್ಗೆ ಔಷಧಿ ಅಂಗಡಿಯವನು ನನ್ನ ನೋಟನ್ನು ವಾಪಸ್ ತಳ್ಳಿದ. "ಚಿಲ್ಲರೆ ಇಲ್ಲ ಅಜ್ಜಿ, ಯಾರ್ದಾದ್ರೂ ಫೋನಲ್ಲಿ ಹಾಕ್ಸಿ." ಚಿಲ್ಲರೆ ಹುಡುಕಲು ಮನೆಗೆ ಬಂದು ಹಿಂಗಿನ ಡಬ್ಬ ತೆಗೆದೆ. ಅದರಲ್ಲಿ ಹಿಂಗಿಲ್ಲದೆ ಎಷ್ಟೋ ವರ್ಷವಾಯಿತು, ವಾಸನೆ ಹೋಗಿಲ್ಲ. ತಳದಲ್ಲಿ ನನ್ನ ಪಿಂಚಣಿಯ ಪಾಸ್‌ಬುಕ್ಕು, ಅದರ ಕೆಳಗೆ ನಾಲ್ಕಾಗಿ ಮಡಿಸಿದ ಚೆಕ್ಕು.

ತೊಂಬತ್ತರ ದಶಕದ ಕೊನೆಯ ಮಾತು. ಅವ್ವ ಕೊತ್ತಗೆರೆಯಲ್ಲಿ ನನಗೆ ಬಿಟ್ಟುಹೋದ ಹತ್ತು ಗುಂಟೆ ತೆಂಗಿನ ತೋಟವನ್ನು ಗುಬ್ಬಿಯ ಕೊಬ್ಬರಿ ಮಂಡಿಯವನಿಗೆ ಮೂವತ್ತೈದು ಸಾವಿರಕ್ಕೆ ಮಾರಿದೆ. ತುಮಕೂರಿನ ಬಾಡಿಗೆ ಮನೆ ಬಿಟ್ಟು ಸ್ವಂತ ಸೈಟು ಮಾಡಬೇಕೆಂಬ ಹಟ ನನಗೆ. ಕುಣಿಗಲ್ಲಿನ ರಿಜಿಸ್ಟ್ರಿ ಆಫೀಸಿನ ಮೆಟ್ಟಿಲ ಮೇಲೆ ದುಡ್ಡಿಗೆ ಸೆರಗೊಡ್ಡಿ ನಿಂತರೆ ಅವನು ಒಂದು ಚೀಟಿ ಹಾಕಿದ.

"ಇದೇನ್ ಸ್ವಾಮಿ, ನೋಟೆಲ್ಲಿ?"

"ಇಪ್ಪತ್ತು ಸಾವಿರ ದಾಟಿದ್ರೆ ಕೈಯಾಗೆ ಕೊಡಂಗಿಲ್ಲ ಕಣಮ್ಮ, ಸರ್ಕಾರದ ರೂಲ್ಸು. ನಮ್ ಆಡಿಟರ್ ಬುಡಲ್ಲ. ಬ್ಯಾಂಕಿಗೆ ಹಾಕ್ಕೊಳಿ."

ಬ್ಯಾಂಕೆಂದರೆ ನನಗೆ ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ತಿಳಿಯದ ಜಾಗ. ಆದರೆ ಚೀಟಿಯ ಮೇಲೆ ಕನ್ನಡದಲ್ಲಿ ನನ್ನ ಹೆಸರಿತ್ತು. ಆಗ ನನಗೆ ಓದಲು ಬರುತ್ತಿದ್ದುದು ಅದೊಂದೇ. ನನ್ನ ಹೆಸರಿನ ನೋಟನ್ನು ಇನ್ಯಾರು ಮುರಿಸಿಯಾರು ಎಂದುಕೊಂಡು ಡಬ್ಬದಲ್ಲಿಟ್ಟೆ. ಗಂಡನಿಗೆ, "ಇನ್ನೂ ಕೊಟ್ಟಿಲ್ಲ, ಆಮೇಲೆ ಕೊಡ್ತಾನಂತೆ" ಅಂದೆ. ಅವನ ಕೈಗೆ ಬಿದ್ದ ದುಡ್ಡು ಅವನ ತಮ್ಮನ ಹೋಟೆಲಿಗೆ ಹೋಗುತ್ತಿತ್ತು. ಕೆಟ್ಟವನಲ್ಲ, ಕೇಳಿದವರಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ, ಅಷ್ಟೇ.

ಒಪ್ಪುವ ಸೈಟು ಸಿಗಲು ಎಂಟು ತಿಂಗಳು ಹಿಡಿಯಿತು. ನಾನು ಚೆಕ್ಕು ತೆಗೆಯುವ ಮೊದಲೇ, ನನಗೂ ಹೇಳದೆ, ಗಂಡ ದುಡ್ಡು ಕೇಳಲು ಗುಬ್ಬಿಗೆ ಹೋಗಿ ಸಂತೆಯ ಜನದ ಮುಂದೆ ಮಂಡಿಯವನನ್ನು ಕಳ್ಳ ಎಂದು ಕೂಗಾಡಿದ್ದ. ಚೆಕ್ಕು ಕೊಟ್ಟಿದ್ದೇನೆ ಎಂದು ಮಂಡಿಯವನು ಹೇಳಿದ್ದಕ್ಕೆ ಇವನ ಉತ್ತರ: "ನನ್ ಹೆಂಡ್ತಿ ಸುಳ್ಳು ಹೇಳೋಳಲ್ಲ."

ಮನೆಗೆ ಬಂದು ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳಿದ. ನಾನು ಡಬ್ಬ ತಂದು ಮುಂದಿಟ್ಟೆ. ಅವನು ಚೆಕ್ಕನ್ನು ತಿರುಗಿಸಿ ನೋಡಿದ, ಮೂಗಿನ ಹತ್ತಿರ ಹಿಡಿದ. "ನಂಗೊಂದ್ ಮಾತು ಹೇಳಿದ್ರೆ ಏನಾಗ್ತಿತ್ತೇ?" ಅಂದ. ಬಯ್ಯಲಿಲ್ಲ. ಬೈದಿದ್ದರೆ ನಾನೂ ಬಯ್ಯಬಹುದಿತ್ತು.

ಬ್ಯಾಂಕಿನವರು ಚೆಕ್ಕಿಗೆ ಆರು ತಿಂಗಳು ಆಯಸ್ಸು, ಇದು ಸತ್ತಿದೆ ಎಂದರು. ಇಬ್ಬರೂ ಗುಬ್ಬಿಗೆ ಹೋದೆವು.

"ಇನ್ನೊಂದ್ ಬರ್ಕೊಡಿ ಸ್ವಾಮಿ" ಎಂದೆ.

"ಸಂತೇಲಿ ಕಳ್ಳ ಅನ್ನಿಸ್ಕೊಂಡಾಯ್ತಲ್ಲ, ಇನ್ಯಾಕ್ ಕೊಡ್ಲಿ? ಕ್ರಯಪತ್ರದಾಗೆ ದುಡ್ಡು ಮುಟ್ಟಿದೆ ಅಂತ ನಿಮ್ಮ ಹೆಬ್ಬೆಟ್ಟೇ ಐತೆ. ಕೋರ್ಟಿಗೆ ಹೋಗಿ."

ಕೋರ್ಟಿಗೆ ಹೋಗಲು ನಮ್ಮಲ್ಲಿ ಏನಿತ್ತು? ಸೈಟು ಬೇರೆಯವರ ಪಾಲಾಯಿತು. ಅವನು ಬಾಡಿಗೆ ಮನೆಯಲ್ಲೇ ಸತ್ತ. ಹೆಣವನ್ನು ಬೇಗ ಎತ್ತಿ ಎಂದು ಓನರ್ ಎರಡು ಸಲ ಬಂದು ಹೇಳಿಹೋದ.

ಇವತ್ತು ಡಬ್ಬ ಮುಚ್ಚುವಾಗ ಸೊಸೆ ಗಿರಿಜಾ ಬಾಗಿಲಲ್ಲಿದ್ದಳು. ಫೋನಿಗೆ ಜೋಡಿಸಿಕೊಡ್ತೀನಿ ಅಂತ ಪಾಸ್‌ಬುಕ್ಕನ್ನು ಕೇಳಿ ಕೇಳಿ ಅವಳಿಗೂ ಸಾಕಾಗಿತ್ತು. ತೆಗೆದು ಅವಳ ಕೈಗೆ ಕೊಟ್ಟೆ.

"ಏನತ್ತೆ, ಇವತ್ತು ನನ್ ಮೇಲೆ ನಂಬಿಕೆ ಬಂತಾ?"

"ಇಲ್ಲ ಕಣೇ" ಎಂದೆ. "ತಗೊಂಡೋಗು."