ಎಡಗಡೆ ಬಿಟ್ಟ ಜಾಗ

ನನಗೆ ಇಂಗ್ಲಿಷ್ ಬರುತ್ತದೆ. ಅಂದರೆ, ಒಂದು ಗಂಟೆ ಮುಂಚೆ ತಿಳಿಸಿದರೆ ಬರುತ್ತದೆ. ತಲೆ ಅರ್ಧ ನರೆತ ಮೇಲೂ, ಬ್ಯಾಂಕಿಗೆ ಫೋನ್ ಮಾಡುವ ಮುಂಚೆ ಹೇಳಬೇಕಾದ್ದನ್ನು ಹಳೇ ರಸೀದಿಯ ಹಿಂದೆ ಬರೆದುಕೊಳ್ಳುತ್ತೇನೆ. ಬರೆಯುವಾಗ ಕೈ ತಾನಾಗೇ ಎಡಗಡೆ ನಾಲ್ಕು ಬೆರಳು ಜಾಗ ಬಿಡುತ್ತದೆ. ಆ ಜಾಗ ಮಿಸ್ ಅವರದು.

ತೊಂಬತ್ತರ ದಶಕದಲ್ಲಿ ಇಂದಿರಾನಗರದ ಒಂದು ಊದುಬತ್ತಿ ರಫ್ತು ಆಫೀಸಿನಲ್ಲಿ ನಾನು ಪತ್ರ ಬರೆಯುವ ಗುಮಾಸ್ತನಾಗಿದ್ದೆ. ಕೆ.ಆರ್. ಪುರದಲ್ಲಿ ಕನ್ನಡ ಮೀಡಿಯಂ ಓದಿದವನಿಗೆ ಆ ಕೆಲಸ ಯಾಕೆ ಕೊಟ್ಟರೋ! ಕೈತಪ್ಪಿನಿಂದ ಆದ ನೇಮಕ, ಇವತ್ತಲ್ಲ ನಾಳೆ ಗೊತ್ತಾಗಿಬಿಡುತ್ತೆ ಅಂತ ದಿನಾ ಹೆದರುತ್ತಿದ್ದೆ. ಆಫೀಸು ಮೊದಲು ಯಾರದೋ ಮನೆ. ಅದರ ಅಡುಗೆಮನೆಯಲ್ಲಿ, ಪತ್ರಗಳ ಇಂಗ್ಲಿಷ್ ನೋಡುವ ಮಿಸ್ ಕೂರುತ್ತಿದ್ದರು. ಹಲಸೂರಿನ ಆಂಗ್ಲೋ-ಇಂಡಿಯನ್ ಹೆಂಗಸು, ಐವತ್ತೈದು ದಾಟಿದವರು. ಸ್ಟೌ ಇಡುವ ಕಡಪ ಕಲ್ಲಿನ ಕಟ್ಟೆಯ ಮೇಲೆ ಅವರ ಟ್ರೇ. ಸಾಲು ಬಿಟ್ಟು ಸಾಲು ಟೈಪ್ ಮಾಡಿ, ಎಡಗಡೆ ಜಾಗ ಬಿಟ್ಟು, ಪ್ರತಿ ಕರಡನ್ನೂ ಆ ಟ್ರೇಗೆ ಹಾಕಬೇಕು. ಅವರು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ಒಳ್ಳೆ ಪ್ರತಿ ಸಿದ್ಧವಾದ ಮೇಲೆ ಕರಡು ಮತ್ತೆ ಅವರಿಗೇ ವಾಪಸ್. ಒಂದು ಗೆರೆಯೂ ಉಳಿಯದ ಹಾಗೆ ಅಳಿಸಿ, ರಬ್ಬರಿನ ಪುಡಿಯನ್ನು ಉಫ್ ಅಂತ ಊದಿಬಿಡುತ್ತಿದ್ದರು. ನನ್ನ ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳಬಾರದು, ಅಷ್ಟೇ.

ಒಂದು ಸಲ ನಾನು ‘ಐ ಬೆಗ್ ಟು ರಿಕ್ವೆಸ್ಟ್ ಯುವರ್ ಗುಡ್‌ಸೆಲ್ಫ್ ಟು ಕೈಂಡ್ಲಿ ಇಂಟಿಮೇಟ್’ ಅಂತ ಬರೆದಿದ್ದೆ.

“ಏನ್ ಮ್ಯಾನ್, ಇದು ಲೆಟರಾ, ಕಲೆಕ್ಟರ್‌ಗೆ ಅರ್ಜಿಯಾ?”

“ಗ್ರಾಮರ್ ತಪ್ಪಾ ಮಿಸ್?”

“ಗ್ರಾಮರ್ ಎಲ್ಲಾ ಸರಿಯಾಗಿದೆ. ಆದ್ರೆ ಯಾರು ಹಿಂಗ್ ಮಾತಾಡ್ತಾರೆ? ಬೇಕರಿ ಮುಂದೆ ನಿಂತ್ಕೊಂಡು ಇದನ್ನ ಹೇಳು. ಅವನು ಬನ್ ಕೊಟ್ರೆ ಪಾಸು. ನಿನ್ ಮುಖ ನೋಡ್ತಾ ನಿಂತ್ರೆ ವಾಪಸ್ ತಗೊಂಡ್ ಬಾ.”

ನನ್ನ ಒಂಬತ್ತು ಪದ ಹೋಗಿ ‘ಪ್ಲೀಸ್ ಲೆಟ್ ಅಸ್ ನೋ’ ಬಂತು. ಅವತ್ತಿಂದ, ಅವರಿಗೆ ಹಿಡಿಸಿದ ವಾಕ್ಯದ ಎಡಕ್ಕೆ ತೆಳ್ಳಗೆ ‘ಬನ್’ ಅಂತ ಬೀಳುತ್ತಿತ್ತು. ಆರು ವರ್ಷದಲ್ಲಿ ನನಗೆ ಬಂದ ಬನ್ನು ಒಂದು ಡಜನ್ ಇದ್ದರೆ ಹೆಚ್ಚು.

ಆಮೇಲೆ ಅವರು ಆಸ್ಟ್ರೇಲಿಯಾಕ್ಕೆ, ಮಗಳ ಮನೆಗೆ, ಹೊರಟುಬಿಟ್ಟರು. ನೀವಿಲ್ಲದಿದ್ದರೆ ನಾನು ಇಲ್ಲಿ ಉಳಿಯುತ್ತಲೇ ಇರಲಿಲ್ಲ ಮಿಸ್, ಅಂತ ಹೇಳಬೇಕಿತ್ತು. ಮೂರು ದಿನ ಅದನ್ನು ಇಂಗ್ಲಿಷಿನಲ್ಲಿ ಕಟ್ಟಿದೆ, ಕೆಡವಿದೆ. ಕೊನೆಗೆ ಬಾಯಿಂದ ಬಂದದ್ದು, “ಹ್ಯಾಪಿ ಜರ್ನಿ, ಮಿಸ್.”

“ಲೆಟರ್ ಬರಿ ಮ್ಯಾನ್,” ಅಂದರು. “ತಪ್ಪಾದ್ರೂ ಬರಿ.”

ಬರೆಯೋಕೆ ಎಂಟು ತಿಂಗಳು ಹಿಡಿಯಿತು. ತಿದ್ದುವವರಿಗೇ ಬರೆಯೋ ಪತ್ರವನ್ನು ಯಾರ ಹತ್ತಿರ ತಿದ್ದಿಸಲಿ? ಒಂದು ಸಂಜೆ ಶಿವಾಜಿನಗರದ ಬೇಕರಿಯೊಂದರ ಮುಂದೆ ನಿಂತು, ಎರಡೂ ಬದಿ ನೋಡಿ, ಪತ್ರದ ಮೊದಲ ಸಾಲನ್ನು ಮೆಲ್ಲಗೆ ಹೇಳಿಯೇಬಿಟ್ಟೆ: “ದಿ ಕಿಚನ್ ಈಸ್ ಎಂಪ್ಟಿ, ಮಿಸ್.”

“ಕ್ಯಾ ಹೋನಾ ಸಾಬ್?” ಅಂದ ಬೇಕರಿಯವನು, ಏನು ಬೇಕು ಅಂತ.

ಗಾಬರಿಯಲ್ಲಿ ಗಾಜಿನ ಕಡೆ ಬೆರಳು ತೋರಿಸಿದೆ. ಬನ್ ಕೊಟ್ಟ. ಪಾಸೋ ಫೇಲೋ ತಿಳಿಯಲಿಲ್ಲ.

ಅಲ್ಲೇ ಹತ್ತಿರ ಪತ್ರವನ್ನು ಡಬ್ಬಕ್ಕೆ ಹಾಕಿ ಬಸ್ ಹತ್ತಿದೆ. ಹಲಸೂರು ಕೆರೆ ದಾಟುವಾಗ ಚೀಲ ತೆರೆದರೆ ಒಳ್ಳೆ ಪ್ರತಿ ಚೀಲದಲ್ಲೇ ಇದೆ! ಹೋಗಿದ್ದು ಕರಡು, ಸಾಲು ಬಿಟ್ಟು ಸಾಲು, ಎಡಗಡೆ ಜಾಗ ಸಮೇತ. ಎರಡು ತಿಂಗಳು ಸರಿಯಾಗಿ ಊಟ ಸೇರಲಿಲ್ಲ.

ಉತ್ತರ ಬಂತು. ನನ್ನ ತಪ್ಪುಗಳ ಬಗ್ಗೆ ಒಂದು ಮಾತೂ ಇಲ್ಲ. ಖುಷಿಯಾಗಬೇಕಿತ್ತು, ಯಾಕೋ ಬೇಜಾರಾಯಿತು. ಇಲ್ಲಿ ಮೊಮ್ಮಕ್ಕಳು ನನ್ನ ಇಂಗ್ಲಿಷ್ ತಿದ್ದುತ್ತಾರೆ, ಅಂಗಡಿಯಲ್ಲಿ ಏನು ಕೇಳಿದರೂ ಇನ್ನೊಂದು ಸಲ ಹೇಳಿ ಅನ್ನುತ್ತಾರೆ, ನನಗೆ ಬನ್ ಸಿಗುವುದೇ ಇಲ್ಲ ಅಂತ ಬರೆದಿದ್ದರು. ಅದನ್ನು ಮೂರನೇ ಸಲ ಓದುವಾಗ ಕಂಡಿತು: ಅವರೂ ಸಾಲು ಬಿಟ್ಟು ಸಾಲು ಬರೆದಿದ್ದರು. ಎಡಗಡೆ ನಾಲ್ಕು ಬೆರಳು ಖಾಲಿ.

ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ. ಪ್ರತಿ ಸಾಲಿನ ಎಡಕ್ಕೂ ‘ಬನ್’ ಅಂತ ಬರೆದೆ, ಅವರ ಹಾಗೇ ತೆಳ್ಳಗೆ. ಆಮೇಲೆ, ನೋಡಿದ ಕರಡು ವಾಪಸ್ ಹೋಗಬೇಕಲ್ಲ, ಆಫೀಸಿನ ಅಭ್ಯಾಸ, ಆ ಪತ್ರವನ್ನೇ ಮಡಚಿ ಅದೇ ದಿನ ಅವರಿಗೇ ಅಂಚೆಗೆ ಹಾಕಿಬಿಟ್ಟೆ.

ತಲುಪಿತೋ ಇಲ್ಲವೋ. ಮತ್ತೆ ಅಲ್ಲಿಂದ ಏನೂ ಬರಲಿಲ್ಲ. ಮನೆ ಬದಲಾಯಿಸಿದರೇನೋ, ಹುಷಾರಿಲ್ಲವೇನೋ ಅಂತ ವರ್ಷಗಟ್ಟಲೆ ಚಿಂತೆ ಮಾಡಿದೆ. ಅವರ ಅಕ್ಷರ ನೋಡಬೇಕು ಅನ್ನಿಸಿದಾಗ ಹಳೇ ಫೈಲು ತೆಗೆಯುತ್ತೇನೆ. ಅವರೇ ಅಳಿಸಿ ಕೊಟ್ಟಿದ್ದ ಒಂದು ಕರಡು ಅದರಲ್ಲಿದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಪೆನ್ಸಿಲ್ ಒತ್ತಿದ ಕಡೆ ಕಾಗದ ಸ್ವಲ್ಪ ತಗ್ಗಿದೆ. ಏನು ಬರೆದಿದ್ದರು ಅಂತ ಓದಲಾಗುವುದಿಲ್ಲ.